ಕಡತ ತೆಳುವಾದರೆ ಅಂಕ ಯಾರದು? ಪಿಸಿಎಲ್‌:ವೈವಿ ಮತ್ತು ಜೊತೆಯ ಮಾಪಕಗಳ ವಿಮರ್ಶೆ

ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಕ್ಕಳ ಸ್ವಭಾವವನ್ನು ಅಳೆಯಲು ಇರುವ ಸಾಧನಗಳಲ್ಲಿ ಅತಿ ಹೆಚ್ಚು ಹೆಸರು ಮಾಡಿದ್ದು ‘ಸೈಕೋಪಥಿ ಚೆಕ್‌ಲಿಸ್ಟ್: ಯೂತ್ ವರ್ಷನ್’, ಬಳಸುವವರ ಬಾಯಲ್ಲಿ ಪಿಸಿಎಲ್‌:ವೈವಿ. ಸೈಕೋಪಥಿ ಎಂದರೆ ಕರುಣೆ, ಪಶ್ಚಾತ್ತಾಪಗಳಿಲ್ಲದೆ ಇತರರನ್ನು ತನ್ನ ಲಾಭಕ್ಕೆ ಬಳಸಿಕೊಳ್ಳುವ ಸ್ವಭಾವ. ಅಡೆಲ್ ಫೋರ್ತ್, ಡೇವಿಡ್ ಕಾಸನ್ ಮತ್ತು ರಾಬರ್ಟ್ ಹೇರ್ ರೂಪಿಸಿದ ಈ ಪಟ್ಟಿಯನ್ನು ಕೆನಡಾದ ಮಲ್ಟಿ-ಹೆಲ್ತ್ ಸಿಸ್ಟಮ್ಸ್ 2003ರಲ್ಲಿ ಪ್ರಕಟಿಸಿತು. ವಯಸ್ಕ ಕೈದಿಗಳಿಗಾಗಿ ಹೇರ್ ಮೊದಲೇ ಸಿದ್ಧಪಡಿಸಿದ್ದ ಪಟ್ಟಿಯನ್ನು 12ರಿಂದ 18 ವರ್ಷದವರಿಗೆ ಹೊಂದುವಂತೆ ತಿದ್ದಿ ಬರೆದ ಸಾಧನವಿದು. ಇದರ ಜೊತೆಗೆ ಸ್ವಯಂ ಉತ್ತರದ ಕೆಲವು ಪ್ರಶ್ನಾವಳಿಗಳನ್ನೂ ಸೇರಿಸಿಕೊಂಡು, ಕಾರವಾರ, ಅಂಕೋಲಾ, ಕುಮಟಾ, ಭಟ್ಕಳದ ಕರಾವಳಿಯಿಂದಲೂ ಶಿರಸಿ, ಯಲ್ಲಾಪುರದ ಘಟ್ಟದ ಮೇಲಿನಿಂದಲೂ ಬರುವ ಹುಡುಗರೊಂದಿಗೆ ಮಾತನಾಡುವ ಮನಃಶಾಸ್ತ್ರದ ಕೆಲಸಗಾರನಾಗಿ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ನಮ್ಮ ಜಿಲ್ಲೆಯಂಥ ಕಡೆ ಇವುಗಳಲ್ಲಿ ಯಾವುದನ್ನು ಕೊಳ್ಳಬೇಕು, ಯಾವುದನ್ನು ಯಾವ ಕೆಲಸಕ್ಕೆ ಬಳಸಬೇಕು, ಯಾವ ಕೆಲಸಕ್ಕೆ ಮುಟ್ಟಲೇಬಾರದು ಎಂಬುದಷ್ಟೇ ಇಲ್ಲಿನ ವಿಚಾರ. ಯಾವ ಹುಡುಗನ ಗುರುತೂ ಹೊರಬೀಳಬಾರದೆಂದು ಬಾಲನ್ಯಾಯ ಕಾಯ್ದೆಯ 74ನೇ ಕಲಂ ಹೇಳುವುದರಿಂದ, ಕೆಳಗೆ ಬರುವ ಸಂದರ್ಭಗಳೆಲ್ಲ ಹಲವರಲ್ಲಿ ಕಂಡದ್ದನ್ನು ಬೆರೆಸಿ ಹೇಳಿದವು.

ಕೊಂಡಾಗ ಕೈಗೆ ಬರುವುದು ಒಂದು ದಪ್ಪ ಕೈಪಿಡಿ, ಸಂದರ್ಶನದ ಮಾರ್ಗದರ್ಶಿ ಮತ್ತು ಅಂಕ ಬರೆಯುವ ಹಾಳೆಗಳು. ಒಟ್ಟು 20 ಅಂಶಗಳಿದ್ದು, ಪ್ರತಿಯೊಂದಕ್ಕೂ ಸೊನ್ನೆ, ಒಂದು ಅಥವಾ ಎರಡು ಅಂಕ ನೀಡಬೇಕು. ಹಾಗಾಗಿ ಮೊತ್ತ ಸೊನ್ನೆಯಿಂದ 40ರ ನಡುವೆ ನಿಲ್ಲುತ್ತದೆ. ತನ್ನ ಬಗ್ಗೆ ಉಬ್ಬಿದ ಅಭಿಮಾನ, ಚಟದಂತೆ ಸುಳ್ಳಾಡುವುದು, ಲಾಭಕ್ಕಾಗಿ ಇತರರನ್ನು ಆಡಿಸುವುದು, ಪಶ್ಚಾತ್ತಾಪವಿಲ್ಲದಿರುವುದು, ಮೇಲುಮೇಲಿನ ಭಾವನೆ, ನಿಷ್ಕರುಣೆ, ಸಿಟ್ಟಿನ ಮೇಲೆ ಹಿಡಿತವಿಲ್ಲದಿರುವುದು, ಗುರಿಯಿಲ್ಲದ ಬದುಕು, ದುಡುಕು, ಹೊಣೆಗೇಡಿತನ, ಚಿಕ್ಕಂದಿನಿಂದಲೇ ಕಂಡ ದುರ್ನಡತೆ, ಬಗೆಬಗೆಯ ಅಪರಾಧಗಳಲ್ಲಿ ತೊಡಗುವುದು ಮುಂತಾದವು ಆ ಅಂಶಗಳು. ಹುಡುಗನೇ ಗೆರೆ ಹಾಕಿ ತುಂಬುವ ಹಾಳೆ ಇದಲ್ಲ. ಒಂದೂವರೆ ಎರಡು ಗಂಟೆ ಅವನೊಂದಿಗೆ ಕುಳಿತು ಮಾತನಾಡಿ, ಆಮೇಲೆ ಶಾಲೆ, ಮನೆ, ಪೊಲೀಸ್ ಠಾಣೆ, ಆಸ್ಪತ್ರೆಗಳ ದಾಖಲೆಗಳನ್ನು ಓದಿ, ಎರಡನ್ನೂ ತಾಳೆ ನೋಡಿ, ತರಬೇತಿ ಪಡೆದ ಮೌಲ್ಯಮಾಪಕನೇ ಅಂಕ ಕೊಡಬೇಕು. ವಯಸ್ಕರ ಪಟ್ಟಿಯಲ್ಲಿ 30 ಅಂಕವನ್ನು ಗಡಿಯೆಂದು ಬಳಸುವ ರೂಢಿ ಇದೆ; ಮಕ್ಕಳ ಪಟ್ಟಿಗೆ ಅಂಥ ಗಡಿಯನ್ನು ಕೈಪಿಡಿ ನೀಡುವುದಿಲ್ಲ. ಬೆಳೆಯುವ ಹುಡುಗನಿಗೆ ಹಣೆಪಟ್ಟಿ ಅಂಟಿಸಲು ಇದನ್ನು ಬಳಸಬಾರದೆಂಬುದು ರಚನಕಾರರದೇ ಎಚ್ಚರಿಕೆ. ಆ ಎಚ್ಚರಿಕೆಯ ಪುಟವನ್ನು ಓದದೆ ನೇರವಾಗಿ ಅಂಕದ ಹಾಳೆಗೆ ಕೈಹಾಕುವವರು ಇದ್ದಾರೆಂಬುದೇ ಈ ವಿಮರ್ಶೆಯ ಅಗತ್ಯಕ್ಕೆ ಒಂದು ಕಾರಣ.

ಮೊದಲು ಮೆಚ್ಚುಗೆ. ಸಂದರ್ಶನದ ಮಾರ್ಗದರ್ಶಿಯೊಂದಕ್ಕೇ ಈ ಪೆಟ್ಟಿಗೆಯ ಅರ್ಧ ಬೆಲೆ ಸಲ್ಲುತ್ತದೆ. ಶಾಲೆ, ಮನೆ, ಗೆಳೆಯರು, ದುಡಿಮೆ, ಸಿಟ್ಟು, ಮುಂದಿನ ಬದುಕಿನ ಯೋಚನೆ ಎಂದು ಒಂದೊಂದೇ ವಲಯವನ್ನು ಬಿಡಿಸಿ ಕೇಳುವ ಅದರ ಕ್ರಮ, ಘಟನೆಯ ದಿನವೊಂದನ್ನೇ ಹಿಡಿದು ಜಗ್ಗುವ ನಮ್ಮ ಸಾಮಾನ್ಯ ವಿಚಾರಣೆಯ ರೀತಿಗಿಂತ ಎಷ್ಟೋ ಮೇಲು. ಒಂದೆರಡು ಸಲ ನಡೆದದ್ದನ್ನು ಸ್ವಭಾವವೆಂದು ಕರೆಯಬಾರದು, ಒಂದು ಗುಣ ಹಲವು ಕಡೆ, ದೀರ್ಘಕಾಲ ಕಂಡಿದ್ದರೆ ಮಾತ್ರ ಅದಕ್ಕೆ ಎರಡು ಅಂಕ ಎಂಬ ನಿಯಮವನ್ನು ಕೈಪಿಡಿ ಬಿಗಿಯಾಗಿ ಹಿಡಿದಿದೆ. ಪ್ರತಿ ಅಂಶದ ವಿವರಣೆಯೂ ಸಾಕಷ್ಟು ಉದ್ದವಾಗಿದ್ದು, ಒಂದೇ ಹುಡುಗನನ್ನು ಇಬ್ಬರು ನೋಡಿದಾಗ ಅಂಕಗಳು ಬಹಳ ದೂರ ಹೋಗದಂತೆ ಕಾಯುವ ಪ್ರಯತ್ನ ಅದರಲ್ಲಿ ಕಾಣುತ್ತದೆ. ಕಸುಬು ಕಲಿಯುತ್ತಿರುವ ಕಿರಿಯ ಆಪ್ತಸಮಾಲೋಚಕರು ಅಂಕ ಕೊಡುವ ಗೋಜಿಗೆ ಹೋಗದಿದ್ದರೂ ಈ ವಿವರಣೆಗಳನ್ನು ಓದಬೇಕೆಂದು ನನ್ನ ಸಲಹೆ.

ತೊಡಕು ಶುರುವಾಗುವುದು ಕಡತದಿಂದ. ಕೇವಲ ಸಂದರ್ಶನವನ್ನು ನಂಬಿ ಅಂಕ ಕೊಡುವಂತಿಲ್ಲ ಎಂಬುದು ಈ ಸಾಧನದ ಮೂಲ ಷರತ್ತು, ಏಕೆಂದರೆ ಸುಳ್ಳಾಡುವುದೇ ಅಳೆಯಬೇಕಾದ ಗುಣಗಳಲ್ಲಿ ಒಂದಾಗಿರುವಾಗ ಆಡಿದ ಮಾತನ್ನು ಪರೀಕ್ಷಿಸಲು ಹೊರಗಿನ ದಾಖಲೆ ಬೇಕೇ ಬೇಕು. ಈ ಸಾಧನ ಹುಟ್ಟಿದ ದೇಶಗಳಲ್ಲಿ ಒಬ್ಬ ಹುಡುಗ ನ್ಯಾಯಾಲಯಕ್ಕೆ ಬರುವ ಹೊತ್ತಿಗೆ ಅವನ ಬೆನ್ನಿಗೆ ಶಾಲಾ ಮನಃಶಾಸ್ತ್ರಜ್ಞರ ಟಿಪ್ಪಣಿ, ಕುಟುಂಬ ಸೇವೆಯ ವರದಿ, ಹಿಂದಿನ ಚಿಕಿತ್ಸೆಯ ದಾಖಲೆ ಎಲ್ಲ ಸೇರಿ ಒಂದು ಕಟ್ಟು ಇರುತ್ತದೆ. ನಮ್ಮಲ್ಲಿ ಇರುವುದು ಶಾಲೆಯ ವರ್ಗಾವಣೆ ಪತ್ರ, ಪ್ರಥಮ ವರ್ತಮಾನ ವರದಿ, ಮತ್ತು ಪರಿವೀಕ್ಷಣಾಧಿಕಾರಿಯ (ಪ್ರೊಬೇಷನ್ ಅಧಿಕಾರಿಯ) ಸಾಮಾಜಿಕ ತನಿಖಾ ವರದಿ. ಹುಡುಗನನ್ನು ಬಾಲನ್ಯಾಯ ಮಂಡಳಿಯ ಮುಂದೆ ಮೊದಲ ಸಲ ಹಾಜರುಪಡಿಸಿದ ದಿನದಿಂದ 15 ದಿನಗಳೊಳಗೆ ಆ ವರದಿ ಬರಬೇಕೆಂದು ಕಾಯ್ದೆ ಹೇಳುತ್ತದೆ. ಹಳಿಯಾಳದಿಂದ ಭಟ್ಕಳದವರೆಗೆ ಹರಡಿದ ಜಿಲ್ಲೆಯಲ್ಲಿ, ಇತರ ಹತ್ತು ಕೆಲಸಗಳ ನಡುವೆ, ಮಳೆಗಾಲದ ಘಟ್ಟದ ರಸ್ತೆ ಹಿಡಿದು ಮನೆ ಹುಡುಕಿಕೊಂಡು ಹೋಗುವ ಅಧಿಕಾರಿಯಿಂದ ಆ ಅವಧಿಯಲ್ಲಿ ಎಷ್ಟು ನಿರೀಕ್ಷಿಸಬಹುದು? ಮನೆಗೆ ಹೋದಾಗ ತಂದೆ ಬೋಟಿನಲ್ಲಿ, ತಾಯಿ ಮೀನು ಪೇಟೆಯಲ್ಲಿ. ಸಿಕ್ಕ ಅಜ್ಜಿ ಹೇಳಿದ್ದೇ ಬಾಲ್ಯದ ಇತಿಹಾಸವಾಗುತ್ತದೆ. ‘ನಡತೆ: ಉತ್ತಮ’ ಎಂದು ಎಲ್ಲ ಮಕ್ಕಳಿಗೂ ಬರೆಯುವ ವರ್ಗಾವಣೆ ಪತ್ರ ಹುಡುಗನ ಪರವಾಗಿ ಸುಳ್ಳು ಹೇಳಿದರೆ, ಊರಿನಲ್ಲಿ ಯಾರೋ ಆಡಿದ ‘ಮೊದಲಿಂದಲೂ ಪುಂಡ’ ಎಂಬ ಮಾತು ಅವನ ವಿರುದ್ಧ ಸುಳ್ಳು ಹೇಳುತ್ತದೆ. ಇವೆರಡನ್ನೂ ಕೂಡಿಸಿ 20 ಅಂಶಗಳಿಗೆ ಅಂಕ ಹಾಕಿದರೆ ಬರುವ ಮೊತ್ತ ಹುಡುಗನದಲ್ಲ, ಕಡತದ್ದು.

ಇದರ ಮೇಲೆ ಸಮಯದ ತೊಂದರೆ. ವಿಚಾರಣೆಯ ಅವಧಿಯಲ್ಲಿ ಮಕ್ಕಳನ್ನು ಇರಿಸುವ ವೀಕ್ಷಣಾಲಯಕ್ಕೆ ಬಂದ ಮೊದಲ ವಾರದ ಹುಡುಗ ಭಯ, ನಿದ್ದೆಗೇಡು, ನಾಚಿಕೆ, ಕೆಲವೊಮ್ಮೆ ಗಾಂಜಾ ಅಥವಾ ಗುಟ್ಕಾ ತಪ್ಪಿದ ಚಡಪಡಿಕೆ ಎಲ್ಲವನ್ನೂ ಹೊತ್ತುಕೊಂಡಿರುತ್ತಾನೆ. ಆಗ ಅವನ ಭಾವನೆಗಳನ್ನು ಅಳೆಯುವುದು ಐಸ್ ಸಮೇತ ಮೀನು ತೂಗಿದಂತೆ.

ಅಂಶಗಳನ್ನು ಒಂದೊಂದಾಗಿ ನಮ್ಮ ಕರಾವಳಿಯ ಮೇಲಿಟ್ಟು ನೋಡಿದಾಗ ಇನ್ನಷ್ಟು ಸಂಗತಿಗಳು ಹೊರಬರುತ್ತವೆ. ‘ಹೊಣೆಗೇಡಿತನ’ ಮತ್ತು ‘ಗುರಿಯಿಲ್ಲದಿರುವುದು’ ಎಂಬವುಗಳಿಗೆ ಅಂಕ ಹಾಕುವಾಗ ಕೆಲಸವನ್ನು ಪದೇಪದೇ ಬಿಡುವುದು, ದಿನಗಟ್ಟಲೆ ಸುಮ್ಮನೆ ತಿರುಗುವುದು ಗಮನಕ್ಕೆ ಬರುತ್ತದೆ. ಆದರೆ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಶಾಲೆ ಬಿಟ್ಟು ಬೋಟು ಹತ್ತಿದ ಹದಿನೇಳರ ಹುಡುಗ ಆ ಎರಡು ತಿಂಗಳು ಬಂದರಿನ ಕಟ್ಟೆಯ ಮೇಲೆ ಕುಳಿತಿದ್ದರೆ ಅದು ಋತುವಿನ ಲೆಕ್ಕ. ಮೀನು ಸಿಗದ ಬೋಟನ್ನು ಬಿಟ್ಟು ಮತ್ತೊಬ್ಬ ತಾಂಡೇಲರ (ಬೋಟು ನಡೆಸುವವರ) ಬೋಟಿಗೆ ಹೋಗುವುದು ಆ ಕಸುಬಿನ ಜಾಣತನ. ಹಾಗೆಯೇ ‘ಬಗೆಬಗೆಯ ಅಪರಾಧ’ ಎಂಬ ಅಂಶ: ಮಾಜಾಳಿ ಚೆಕ್‌ಪೋಸ್ಟ್ ದಾಟಿಸಿ ಗೋವಾದ ಅಗ್ಗದ ಮದ್ಯ ತರುವುದಕ್ಕೆ ದೊಡ್ಡವರು ಹುಡುಗರನ್ನು ಬಳಸಿಕೊಳ್ಳುತ್ತಾರೆ, ಘಟ್ಟದ ಮೇಲಾದರೆ ಅಂಗಳದಲ್ಲಿ ಒಣಹಾಕಿದ ಅಡಿಕೆ ಕದ್ದು ಮಾರುವ ಪ್ರಕರಣಗಳಿರುತ್ತವೆ. ಇವೆರಡರ ಜೊತೆಗೆ ಜಾತ್ರೆಯಲ್ಲಿ ನಡೆದ ಒಂದು ಹೊಡೆದಾಟ ಸೇರಿದರೆ ಪಟ್ಟಿಯಲ್ಲಿ ಮೂರು ಬಗೆ ತುಂಬಿತು. ಅದರ ಹಿಂದೆ ಇದ್ದದ್ದು ಸಾಲದಲ್ಲಿರುವ ಮನೆ ಮತ್ತು ಕೆಲಸ ಕೊಟ್ಟ ದೊಡ್ಡವನೊಬ್ಬ ಎಂಬುದನ್ನು ಬರೆಯಲು ಅಂಕದ ಹಾಳೆಯಲ್ಲಿ ಜಾಗವಿಲ್ಲ.

ಪಶ್ಚಾತ್ತಾಪ ಮತ್ತು ಭಾವನೆಯ ಅಂಶಗಳು ಇನ್ನೂ ನಾಜೂಕು. ಮನೆಯಲ್ಲಿ ಕೊಂಕಣಿ, ನವಾಯತಿ ಅಥವಾ ಹಾಲಕ್ಕಿಗಳ ಕನ್ನಡ ಆಡುವ ಹುಡುಗ, ಕಚೇರಿಯ ಕನ್ನಡದಲ್ಲಿ ಕೇಳುವ ಅಪರಿಚಿತ ಅಧಿಕಾರಿಯ ಎದುರು ತಲೆ ತಗ್ಗಿಸಿ ‘ಹೂಂ’, ‘ಇಲ್ಲ ಸರ್’, ‘ಗೊತ್ತಿಲ್ಲ ಸರ್’ ಎಂದಷ್ಟೇ ಹೇಳುತ್ತಾನೆ. ಹಿರಿಯರ ಕಣ್ಣಲ್ಲಿ ಕಣ್ಣಿಟ್ಟು ಮಾತನಾಡಬಾರದೆಂದು ಕಲಿತ ಮಗುವಿನ ಮೌನವನ್ನು ‘ಮೇಲುಮೇಲಿನ ಭಾವನೆ’ ಎಂದು ಬರೆದುಬಿಡುವುದು ಬಹಳ ಸುಲಭ. ಅದಕ್ಕಿಂತ ಗಂಭೀರವಾದದ್ದು ಇನ್ನೊಂದಿದೆ: ವಿಚಾರಣೆ ಇನ್ನೂ ನಡೆದಿಲ್ಲ, ಆರೋಪ ಸಾಬೀತಾಗಿಲ್ಲ, ಏನನ್ನೂ ಒಪ್ಪಿಕೊಳ್ಳಬೇಡವೆಂದು ವಕೀಲರು ಸರಿಯಾಗಿಯೇ ಹೇಳಿಕೊಟ್ಟಿದ್ದಾರೆ. ಅಂಥ ಹುಡುಗನಿಗೆ ‘ಹೊಣೆ ಒಪ್ಪಿಕೊಳ್ಳದಿರುವುದು’, ‘ಪಶ್ಚಾತ್ತಾಪವಿಲ್ಲದಿರುವುದು’, ‘ಗಂಭೀರ ಅಪರಾಧ ನಡೆಸಿರುವುದು’ ಎಂಬ ಮೂರಕ್ಕೂ ಎರಡೆರಡು ಅಂಕ ಬಿದ್ದರೆ, ನಿರಪರಾಧಿಯೆಂದು ಭಾವಿಸಿ ನಡೆಯಬೇಕೆಂಬ ಕಾಯ್ದೆಯ ಮೊದಲ ತತ್ವವನ್ನೇ ಅಂಕದ ಹಾಳೆ ಸದ್ದಿಲ್ಲದೆ ಮೀರಿದಂತಾಯಿತು. ಮಾಹಿತಿ ಸಾಲದ ಅಂಶಗಳನ್ನು ಬಿಟ್ಟು ಉಳಿದವುಗಳಿಂದ ಮೊತ್ತವನ್ನು ಅಂದಾಜಿಸಲು ಕೈಪಿಡಿ ಅವಕಾಶ ಕೊಡುತ್ತದೆ ನಿಜ. ಅದಕ್ಕೂ ಮಿತಿಯಿದೆ, ಮತ್ತು ಬಿಟ್ಟವುಗಳೇ ಹೆಚ್ಚಾದರೆ ಅಂದಾಜಿಗೆ ಅರ್ಥವಿಲ್ಲ.

ಈ ಅಂಕಗಳು ಮುಂದಿನದನ್ನು ಎಷ್ಟು ಹೇಳಬಲ್ಲವು ಎಂಬ ಪ್ರಶ್ನೆಗೆ ಸಂಶೋಧನೆ ಸಾಕಷ್ಟು ನೇರವಾದ ಉತ್ತರ ಕೊಟ್ಟಿದೆ. ಜಾನ್ ಎಡೆನ್ಸ್ ಮತ್ತು ಸಂಗಡಿಗರು 2007ರಲ್ಲಿ 21 ಪ್ರತ್ಯೇಕ ಗುಂಪುಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮಕ್ಕಳ ಪಟ್ಟಿಯ ಅಂಕಕ್ಕೂ ಮರಳಿ ಅಪರಾಧ ಮಾಡುವುದಕ್ಕೂ ಇರುವ ಸಹಸಂಬಂಧ (ಸೊನ್ನೆ ಎಂದರೆ ನಂಟೇ ಇಲ್ಲ, ಒಂದು ಎಂದರೆ ಪೂರ್ಣ ನಂಟು) 0.24, ಹಿಂಸೆಯ ಅಪರಾಧಕ್ಕೆ 0.25 ಎಂದು ಕಂಡುಬಂತು. ಇದು ತಳ್ಳಿಹಾಕುವಷ್ಟು ಸಣ್ಣದಲ್ಲ, ಆದರೆ ಒಬ್ಬ ಹುಡುಗನ ಭವಿಷ್ಯದ ಬಗ್ಗೆ ಆಣೆಯಿಟ್ಟು ಹೇಳುವಷ್ಟು ದೊಡ್ಡದಂತೂ ಅಲ್ಲ. ಹುಡುಗಿಯರಲ್ಲಿ ಈ ಸಂಬಂಧ ಬಹುಪಾಲು ನಗಣ್ಯವಾಗಿತ್ತು. ಜನಾಂಗೀಯವಾಗಿ ಹೆಚ್ಚು ಮಿಶ್ರವಾದ ಗುಂಪುಗಳಲ್ಲಿ ಹಿಂಸೆಯ ಮುನ್ಸೂಚನೆ ದುರ್ಬಲವಾಗಿತ್ತು. ಮೊಗೇರರು, ಖಾರ್ವಿಗಳು, ನವಾಯತರು, ಹಾಲಕ್ಕಿಗಳು, ಹವ್ಯಕರು, ಸಿದ್ದಿಗಳು, ಮುಂಡಗೋಡಿನ ಟಿಬೆಟಿಯನ್ನರು ಎಲ್ಲರೂ ಒಂದೇ ಜಿಲ್ಲೆಯಲ್ಲಿರುವ ನಮಗೆ ಈ ಕೊನೆಯ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಅದೇ 2007ರಲ್ಲಿ ಡೊನಾಲ್ಡ್ ಲೈನಮ್ ಮತ್ತು ಸಂಗಡಿಗರು ಪಿಟ್ಸ್‌ಬರ್ಗಿನ ಹುಡುಗರ ದೀರ್ಘ ಅಧ್ಯಯನದಿಂದ ತೋರಿಸಿದ್ದೇನೆಂದರೆ, 13ನೇ ವಯಸ್ಸಿನಲ್ಲಿ ಬೇರೊಂದು ಮಾಪಕದಿಂದ ಅಳೆದ ಇಂಥ ಗುಣಗಳಿಗೂ 24ನೇ ವಯಸ್ಸಿನ ಅಂಕಕ್ಕೂ ಸಹಸಂಬಂಧ ಸುಮಾರು 0.31. ಅಂದರೆ ನಂಟು ಇದೆ, ಆದರೆ ಚಿಕ್ಕಂದಿನಲ್ಲಿ ಮೇಲಿನ ಅಂಕ ಪಡೆದ ಹೆಚ್ಚಿನವರು ದೊಡ್ಡವರಾದ ಮೇಲೆ ಆ ಅಂಕದಲ್ಲಿ ಉಳಿಯಲಿಲ್ಲ. ದುಡುಕು, ರೋಮಾಂಚನದ ಹಂಬಲ, ಬಡಾಯಿ, ಹೊಣೆಗೇಡಿತನ ಇವೆಲ್ಲ ಹದಿಹರೆಯಕ್ಕೆ ಸಹಜವಾದ್ದರಿಂದ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ಅಂಕ ಹಾಕುವವನ ಕಡೆಯ ತೊಂದರೆಯನ್ನೂ ಮರೆಯುವಂತಿಲ್ಲ. ಡೇನಿಯಲ್ ಮರೀ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅವೇ ಕಡತಗಳನ್ನು ಕೊಟ್ಟು, ಕೆಲವು ತಜ್ಞರಿಗೆ ಸರ್ಕಾರಿ ವಕೀಲರ ಪರವೆಂದೂ ಕೆಲವರಿಗೆ ಆರೋಪಿಯ ಪರವೆಂದೂ ನಂಬಿಸಲಾಯಿತು. ವಯಸ್ಕರ ಪಟ್ಟಿಯಲ್ಲಿ ಸರ್ಕಾರಿ ಪರದವರು ಕೊಟ್ಟ ಅಂಕಗಳು ಹೆಚ್ಚಿದ್ದವು. ತರಬೇತಾದವರ ಕೈಯಲ್ಲೇ ಹೀಗಾದರೆ, ಒಂದು ದಿನದ ಕಾರ್ಯಾಗಾರದ ಪ್ರಮಾಣಪತ್ರ ಹಿಡಿದವರ ಕೈಗೆ ಇದನ್ನು ಕೊಡುವ ಮುನ್ನ ಯೋಚಿಸಬೇಕು.

ಇನ್ನು ಕಾನೂನಿನ ಮಾತು, ಏಕೆಂದರೆ ಈ ಸಾಧನದ ಬಗ್ಗೆ ನಮ್ಮಲ್ಲಿ ವಿಚಾರಿಸುವವರಲ್ಲಿ ಅನೇಕರು 2015ರ ಬಾಲನ್ಯಾಯ ಕಾಯ್ದೆಯ 15ನೇ ಕಲಂ ಅಡಿಯ ಪ್ರಾಥಮಿಕ ಮೌಲ್ಯಮಾಪನಕ್ಕಾಗಿಯೇ, ಅಂದರೆ ಮಗುವನ್ನು ವಯಸ್ಕನಂತೆ ವಿಚಾರಣೆಗೆ ಒಳಪಡಿಸಬೇಕೇ ಎಂಬ ತೀರ್ಮಾನಕ್ಕೆ ಮೊದಲು ನಡೆಯುವ ಪರಿಶೀಲನೆಗಾಗಿಯೇ ವಿಚಾರಿಸುತ್ತಾರೆ. ಕನಿಷ್ಠ ಶಿಕ್ಷೆಯೇ ಏಳು ವರ್ಷ ಅಥವಾ ಹೆಚ್ಚಿರುವ ಘೋರ ಅಪರಾಧದ ಆರೋಪ ಹೊತ್ತ, 16 ವರ್ಷ ತುಂಬಿದ ಮಗುವಿನ ಬಗ್ಗೆ ಮಂಡಳಿ ನೋಡಬೇಕಾದ್ದು ಇಷ್ಟು: ಆ ಅಪರಾಧ ಎಸಗಲು ಬೇಕಾದ ಮಾನಸಿಕ ಮತ್ತು ದೈಹಿಕ ಸಾಮರ್ಥ್ಯ, ಪರಿಣಾಮವನ್ನು ಅರಿಯುವ ಶಕ್ತಿ, ಮತ್ತು ಅದು ನಡೆಯಿತೆನ್ನಲಾದ ಸನ್ನಿವೇಶ. ಇದರಲ್ಲಿ ನಿಷ್ಕರುಣೆಯ ಪ್ರಶ್ನೆಯೇ ಇಲ್ಲ, ಮುಂದೆ ಅಪರಾಧ ಮಾಡುವನೇ ಎಂಬ ಪ್ರಶ್ನೆಯೂ ಇಲ್ಲ. ಹಾಗಿರುವಾಗ ಪಿಸಿಎಲ್‌:ವೈವಿ ಅಂಕವನ್ನು ಆ ವರದಿಗೆ ಸೇರಿಸುವುದು ಕೇಳದ ಪ್ರಶ್ನೆಗೆ ಉತ್ತರ ಕೊಟ್ಟಂತಾಗುತ್ತದೆ. ಆ ಉತ್ತರ ಓದಿದವರ ಮನಸ್ಸಿನಿಂದ ಅದನ್ನು ಆಮೇಲೆ ಅಳಿಸಲಾಗದು. ಮಂಡಳಿಯಲ್ಲಿ ಮಕ್ಕಳ ಮನಃಶಾಸ್ತ್ರ ಅಥವಾ ಮನೋವೈದ್ಯಶಾಸ್ತ್ರದಲ್ಲಿ ಪದವಿಯಿರುವ ವೃತ್ತಿನಿರತರು ಇಲ್ಲದಿದ್ದರೆ ತಜ್ಞರ ನೆರವು ಪಡೆಯುವುದು ಕಡ್ಡಾಯವೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಬರುಣ್ ಚಂದ್ರ ಠಾಕೂರ್ ಪ್ರಕರಣದಲ್ಲಿ ಹೇಳಿತು. ತಜ್ಞರ ಮೇಲಿನ ಹೊಣೆ ಇದರಿಂದ ಹೆಚ್ಚಿದೆ. ನಮ್ಮ ಭಾಗದಲ್ಲಿ ಈ ಮೌಲ್ಯಮಾಪನಕ್ಕೆ ಬರುವವರಲ್ಲಿ ಪ್ರೀತಿಸಿ ಓಡಿಹೋದ ಹದಿನೇಳರ ಹುಡುಗರೂ ಇರುತ್ತಾರೆ ಎಂಬುದನ್ನು ಹೊರಗಿನವರು ಊಹಿಸಲಾರರು. ಪೋಕ್ಸೋ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯ ನಂತರ ಅದರ 4ನೇ ಕಲಮಿನ ಕನಿಷ್ಠ ಶಿಕ್ಷೆ ಹತ್ತು ವರ್ಷವಾಗಿರುವುದರಿಂದ ಅವರ ಪ್ರಕರಣವೂ ಘೋರ ಅಪರಾಧದ ಸಾಲಿಗೇ ಸೇರುತ್ತದೆ. ಅಂಥವನ ಮುಂದೆ ಲೈಂಗಿಕ ನಡತೆ ಮತ್ತು ಅಸ್ಥಿರ ಸಂಬಂಧಗಳ ಅಂಶಗಳನ್ನು ಹರಡಿ ಕೂರುವುದು ಅಸಂಬದ್ಧ. ಮಗುವಿನ ವಿಷಯದಲ್ಲಿ ಆಪಾದನೆಯ ಪದಗಳನ್ನು ಬಳಸಬಾರದೆಂದು ಕಾಯ್ದೆಯ 3ನೇ ಕಲಂ ಹೇಳುತ್ತದೆ. ಹೆಸರಿನಲ್ಲೇ ಸೈಕೋಪಥಿ ಇರುವ ಹಾಳೆಯನ್ನು ಕಡತಕ್ಕೆ ಲಗತ್ತಿಸುವುದು ಅದಕ್ಕೆ ಹೇಗೆ ಹೊಂದುತ್ತದೋ ನನಗೆ ತಿಳಿಯದು.

ಹಾಗಾದರೆ ದಿನದ ಕೆಲಸಕ್ಕೆ ಏನು? ಇಲ್ಲಿ ಪಾಲ್ ಫ್ರಿಕ್ ಅವರ ‘ಇನ್ವೆಂಟರಿ ಆಫ್ ಕ್ಯಾಲಸ್-ಅನ್‌ಎಮೋಷನಲ್ ಟ್ರೇಟ್ಸ್’ (ನಿಷ್ಕರುಣೆ ಮತ್ತು ಭಾವಶೂನ್ಯತೆಯ ಗುಣಗಳ ಪ್ರಶ್ನಾವಳಿ) ಹೆಚ್ಚು ಉಪಯೋಗಕ್ಕೆ ಬರುತ್ತದೆ. 24 ಹೇಳಿಕೆಗಳು, ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ. ಹುಡುಗನಿಗೆ, ಹೆತ್ತವರಿಗೆ, ಶಿಕ್ಷಕರಿಗೆ ಪ್ರತ್ಯೇಕ ರೂಪಗಳಿವೆ. ಅರ್ಧದಷ್ಟು ಹೇಳಿಕೆಗಳು ಒಳ್ಳೆಯ ನಡತೆಯನ್ನು ಹೇಳುವಂಥವಾದ್ದರಿಂದ ಕಣ್ಣು ಮುಚ್ಚಿ ಒಂದೇ ಸಾಲಿಗೆ ಗೆರೆ ಹಾಕಿದ ಹುಡುಗ ಕೂಡಲೇ ಸಿಕ್ಕಿಬೀಳುತ್ತಾನೆ. ಅಮೆರಿಕದ ಮನೋವೈದ್ಯಕೀಯ ಕೈಪಿಡಿ ಡಿಎಸ್‌ಎಂ-5, 2013ರಲ್ಲಿ ನಡತೆಯ ದೋಷದ ರೋಗನಿರ್ಣಯಕ್ಕೆ ‘ಸೀಮಿತ ಸಾಮಾಜಿಕ ಭಾವನೆಗಳೊಂದಿಗೆ’ ಎಂಬ ಉಪಶೀರ್ಷಿಕೆಯನ್ನು ಸೇರಿಸಿದಾಗ ಗಮನಿಸಿದ್ದು ಇದೇ ಗುಣಗಳ ಗುಂಪನ್ನು. ಫ್ರಿಕ್ ಅವರ ಪ್ರಶ್ನಾವಳಿಯ ಮೂರು ಉಪಮಾಪಕಗಳಲ್ಲಿ ಭಾವನೆಯನ್ನು ತೋರಿಸದಿರುವುದಕ್ಕೆ ಸಂಬಂಧಿಸಿದ್ದು ಉಳಿದೆರಡರೊಂದಿಗೆ ಸರಿಯಾಗಿ ಕೂಡಿಕೊಳ್ಳುವುದಿಲ್ಲವೆಂದು ಹಲವು ಅಧ್ಯಯನಗಳು ಹೇಳಿವೆ. ಭಾವನೆಯನ್ನು ಒಳಗೇ ಇಟ್ಟುಕೊಳ್ಳುವುದನ್ನು ಗಂಡಸುತನವೆಂದು ಕಲಿಸುವ ನಮ್ಮ ಮನೆಗಳಲ್ಲಿ ಆ ಭಾಗದ ಅಂಕವನ್ನು ನಾನು ಪ್ರತ್ಯೇಕವಾಗಿಯೇ ನೋಡುತ್ತೇನೆ.

ಈ ಮಾಪಕವನ್ನು ಒಂಟಿಯಾಗಿ ಬಳಸಬಾರದು. ನಿಷ್ಕರುಣಿಯಾಗಿ ಕಾಣುವ ಮಕ್ಕಳಲ್ಲಿ ಎರಡು ಬಗೆಯಿದೆಯೆಂದು ಇವಾ ಕಿಮೊನಿಸ್ ಮೊದಲಾದವರ ಕೆಲಸ ತೋರಿಸಿದೆ. ಒಂದು ಬಗೆಯವರಲ್ಲಿ ಆತಂಕ ಕಡಿಮೆ; ಇನ್ನೊಂದು ಬಗೆಯವರಲ್ಲಿ ಆತಂಕ ಬಹಳ, ಮತ್ತು ಹಿಂದೆ ಹೊಡೆತ, ನಿಂದೆ, ದೌರ್ಜನ್ಯ ಅನುಭವಿಸಿದವರು ಈ ಗುಂಪಿನಲ್ಲೇ ಹೆಚ್ಚು. ಎರಡನೆಯವರ ಮರಗಟ್ಟಿದ ಮುಖ ನೋವನ್ನು ತಡೆದುಕೊಳ್ಳಲು ಕಲಿತ ಉಪಾಯ. ಆದ್ದರಿಂದ ಆತಂಕ ಮತ್ತು ಆಘಾತದ ಒಂದು ಚಿಕ್ಕ ಪ್ರಶ್ನಾವಳಿಯನ್ನು ಜೊತೆಗೆ ಕೊಡದೆ ಈ ಅಂಕವನ್ನು ಓದುವುದು ಅಪಾಯ. ಕುಡಿದು ಬಂದ ತಂದೆಯ ಬೆಲ್ಟಿನ ಗುರುತು ಬೆನ್ನಿನ ಮೇಲಿರುವ ಹುಡುಗನಿಗೆ ಬೇಕಾದ ಚಿಕಿತ್ಸೆಯೇ ಬೇರೆ.

ಹೆನ್ರಿಕ್ ಆಂಡರ್ಷೆಡ್ ಮತ್ತು ಸಂಗಡಿಗರ ‘ಯೂತ್ ಸೈಕೋಪಥಿಕ್ ಟ್ರೇಟ್ಸ್ ಇನ್ವೆಂಟರಿ’ಯಲ್ಲಿ ಒಂದು ಚೆಂದದ ಜಾಣ್ಮೆಯಿದೆ: ಕೆಟ್ಟ ಗುಣಗಳನ್ನು ಕೆಟ್ಟದೆಂದು ಕಾಣದಂತೆ, ಸಾಮರ್ಥ್ಯದ ಹಾಗೆ ಬರೆದಿದ್ದಾರೆ, ಹಾಗಾಗಿ ಹುಡುಗರು ಮರೆಮಾಚದೆ ಉತ್ತರಿಸುವ ಸಂಭವ ಹೆಚ್ಚು. ಆದರೆ 50 ಹೇಳಿಕೆಗಳು ಏಳನೇ ತರಗತಿಗೆ ಶಾಲೆ ಬಿಟ್ಟವನಿಗೆ ಬಹಳವಾಯಿತು. ಅರ್ಧಕ್ಕೆ ಬರುವಷ್ಟರಲ್ಲಿ ಅವನ ಗಮನ ಕಿಟಕಿಯಾಚೆ. ಆಕ್ರಮಣಶೀಲತೆಗೆ ಬಸ್ ಮತ್ತು ಪೆರ್ರಿ 1992ರಲ್ಲಿ ಪ್ರಕಟಿಸಿದ 29 ಹೇಳಿಕೆಗಳ ಪ್ರಶ್ನಾವಳಿ ಎಲ್ಲೆಡೆ ಸಿಗುತ್ತದೆ, ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ಅದರದೇ ರಾಜ್ಯಭಾರ. ಕಾಲೇಜು ವಿದ್ಯಾರ್ಥಿಗಳ ಮೇಲೆ ರೂಪುಗೊಂಡ ಅದು ಎಷ್ಟು ಸಿಟ್ಟು ಎಂದು ಹೇಳುತ್ತದೆ, ಯಾತಕ್ಕೆಂದು ಹೇಳುವುದಿಲ್ಲ.

ಯಾತಕ್ಕೆ ಎಂಬುದನ್ನು ಕೇಳುವ ಮಾಪಕವೇ ಈ ಎಲ್ಲದರಲ್ಲಿ ನನಗೆ ಅತ್ಯಂತ ಉಪಯುಕ್ತವೆನಿಸಿದ್ದು. ಏಡ್ರಿಯನ್ ರೇನ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ‘ರಿಯಾಕ್ಟಿವ್-ಪ್ರೊಆಕ್ಟಿವ್ ಅಗ್ರೆಷನ್ ಕ್ವೆಶ್ಚನೇರ್’ನಲ್ಲಿ ಇರುವುದು 23 ಚಿಕ್ಕ ಹೇಳಿಕೆಗಳು. 11 ಹೇಳಿಕೆಗಳು ಕೆಣಕಿದಾಗ ಭುಗಿಲೇಳುವ ಸಿಟ್ಟಿಗೆ, 12 ಹೇಳಿಕೆಗಳು ಏನನ್ನೋ ಗಳಿಸಲು ಲೆಕ್ಕ ಹಾಕಿ ಮಾಡುವ ಹಿಂಸೆಗೆ ಸಂಬಂಧಿಸಿದವು. ‘ಎಂದೂ ಇಲ್ಲ’, ‘ಕೆಲವೊಮ್ಮೆ’, ‘ಹಲವು ಸಲ’ ಎಂಬ ಮೂರೇ ಉತ್ತರ. ಓದಿ ಹೇಳಿದರೂ ಹತ್ತು ನಿಮಿಷ ಸಾಕು. ಬೋಟಿನ ಮೇಲೆ ಸಂಗಡಿಗನೊಬ್ಬ ತಾಯಿಯ ಬಗ್ಗೆ ಆಡಬಾರದ್ದನ್ನು ಆಡಿದಾಗ ಕೈಗೆ ಸಿಕ್ಕ ಕೋಲಿನಿಂದ ಹೊಡೆದ ಹುಡುಗ, ಮತ್ತು ಬಸ್‌ ನಿಲ್ದಾಣದಲ್ಲಿ ಕಿರಿಯ ವಿದ್ಯಾರ್ಥಿಗಳನ್ನು ಹೆದರಿಸಿ ವಾರವಾರ ದುಡ್ಡು ಕೀಳುವ ಹುಡುಗ, ಪೊಲೀಸ್ ಕಡತದಲ್ಲಿ ‘ಹಲ್ಲೆ’ ಎಂಬ ಒಂದೇ ಪದದಡಿ ಬರುತ್ತಾರೆ. ಈ ಹಾಳೆಯ ಮೇಲೆ ಅವರಿಬ್ಬರೂ ಬೇರೆಬೇರೆಯಾಗುತ್ತಾರೆ. ಕೆನೆತ್ ಡಾಜ್ ಮತ್ತು ಜಾನ್ ಕೋಯ್ 1987ರಷ್ಟು ಹಿಂದೆಯೇ ತೋರಿಸಿದಂತೆ, ಮೊದಲ ಬಗೆಯವರು ಎದುರಿನವನ ಸಾಮಾನ್ಯ ನಡತೆಯಲ್ಲೂ ವೈರವನ್ನು ಕಾಣುತ್ತಾರೆ. ಹೆಗಲು ತಗುಲಿದರೆ ಬೇಕೆಂದೇ ತಾಗಿಸಿದ ಎಂದುಕೊಳ್ಳುತ್ತಾರೆ. ಅವರಿಗೆ ಬೇಕಾದದ್ದು ಆ ಅರ್ಥೈಸುವಿಕೆಯನ್ನು ನಿಧಾನಿಸುವ ಅಭ್ಯಾಸ. ಎರಡನೆಯವರಿಗೆ ಉಪದೇಶವಾಗಲಿ ಬೆತ್ತವಾಗಲಿ ನಾಟುವುದು ಕಡಿಮೆ. ನಿಷ್ಕರುಣೆಯ ಗುಣಗಳಿರುವ ಮಕ್ಕಳ ಮೇಲೆ ಶಿಕ್ಷೆಗಿಂತ ಪ್ರೋತ್ಸಾಹವೇ ಹೆಚ್ಚು ಕೆಲಸ ಮಾಡುತ್ತದೆಂದು ಡೇವಿಡ್ ಹಾಸ್ ಮತ್ತು ಮಾರ್ಕ್ ಡ್ಯಾಡ್ಸ್ 2005ರಲ್ಲಿ ಚಿಕ್ಕ ಹುಡುಗರ ಚಿಕಿತ್ಸೆಯಲ್ಲಿ ಕಂಡುಕೊಂಡದ್ದು ಇದೇ ದಿಕ್ಕಿನ ಮಾತು. ಈ ಪ್ರಶ್ನಾವಳಿಯ ದೋಷವೂ ಇದೆ: ಹುಡುಗ ಸುಳ್ಳಾಡಬಯಸಿದರೆ ತಡೆಯುವ ಉಪಾಯ ಇದರಲ್ಲಿಲ್ಲ, ಲೆಕ್ಕ ಹಾಕುವ ಬಗೆಯವನೇ ಅದನ್ನು ಬೇಗ ಅರಿಯುತ್ತಾನೆ. ಎರಡೂ ಅಂಕಗಳು ಬಹುತೇಕ ಜೊತೆಜೊತೆಗೇ ಏರುತ್ತವೆ ಕೂಡ. ಶುದ್ಧವಾಗಿ ಒಂದೇ ಬಗೆಯ ಹುಡುಗ ಸಿಗುವುದು ಅಪರೂಪ. ಹಾಗಿದ್ದೂ, ಉತ್ತರಗಳ ಮೇಲೆ ಬೆರಳಿಟ್ಟು ‘ಇದು ಯಾವಾಗ ಆಯಿತು, ಆಗ ಏನಂದುಕೊಂಡೆ?’ ಎಂದು ಕೇಳಿದಾಗ ಶುರುವಾಗುವ ಮಾತುಕತೆ ಬೇರೆ ಯಾವ ಹಾಳೆಯಿಂದಲೂ ಶುರುವಾಗುವುದಿಲ್ಲ.

ಪಿಸಿಎಲ್‌:ವೈವಿಗೆ ನ್ಯಾಯ ಸಲ್ಲಿಸಬೇಕಾದರೆ ಅದರ ಸರಿಯಾದ ಬಳಕೆಯ ಒಂದು ಉದಾಹರಣೆಯನ್ನೂ ಹೇಳಬೇಕು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ 1995ರಿಂದ ನಡೆಯುತ್ತಿರುವ ಮೆಂಡೋಟಾ ಬಾಲ ಚಿಕಿತ್ಸಾ ಕೇಂದ್ರ, ಬೇರೆ ಸಂಸ್ಥೆಗಳು ಸಂಭಾಳಿಸಲಾರದೆ ಕಳುಹಿಸಿದ ಹುಡುಗರನ್ನೇ ತೆಗೆದುಕೊಳ್ಳುತ್ತದೆ. ಈ ಪಟ್ಟಿಯಲ್ಲಿ ಮೇಲಿನ ಅಂಕ ಪಡೆದವರಿಗೆ ಅಲ್ಲಿ ತೀವ್ರ ಚಿಕಿತ್ಸೆ ಕೊಟ್ಟಾಗ, ಸಾಮಾನ್ಯ ಕ್ರಮದಲ್ಲಿ ಉಳಿದವರಿಗಿಂತ ಅವರಲ್ಲಿ ಹಿಂಸೆಯ ಅಪರಾಧ ಗಣನೀಯವಾಗಿ ಕಡಿಮೆಯಾಯಿತೆಂದು ಮೈಕೆಲ್ ಕಾಲ್ಡ್‌ವೆಲ್ ಮತ್ತು ಸಂಗಡಿಗರ ಅಧ್ಯಯನಗಳು ವರದಿ ಮಾಡಿವೆ. ಹೆಚ್ಚು ಅಂಕ ಬಂದವನಿಗೆ ಹೆಚ್ಚು ಚಿಕಿತ್ಸೆ ಎಂಬ ದಾರಿ ಅದು. ಅಷ್ಟು ಸಿಬ್ಬಂದಿ ಮತ್ತು ಅಷ್ಟು ದೀರ್ಘ ಅವಧಿ ನಮ್ಮಲ್ಲಿ ಇಲ್ಲದಿರುವಾಗ, ಚಿಕಿತ್ಸೆಯಿಲ್ಲದ ಅಂಕ ಮಾತ್ರ ಉಳಿದುಬಿಡುವ ಭಯ ನನಗಿದೆ.

ಕೊಳ್ಳುವವರಿಗೆ ಕೊನೆಯದಾಗಿ ಒಂದಿಷ್ಟು ವ್ಯವಹಾರದ ಮಾತು. ಧಾರವಾಡದ ಡಿಮ್ಹಾನ್ಸ್ ಅಥವಾ ಬೆಂಗಳೂರಿನ ನಿಮ್ಹಾನ್ಸ್‌ನಂಥ ದೊಡ್ಡ ಸಂಸ್ಥೆಯಲ್ಲಿ, ಇಬ್ಬರು ತರಬೇತಾದವರು ಸ್ವತಂತ್ರವಾಗಿ ಅಂಕ ಹಾಕಿ ಹೋಲಿಸುವ ವ್ಯವಸ್ಥೆಯಿದ್ದು, ಹುಡುಗ ವಾರಗಟ್ಟಲೆ ಕಣ್ಣೆದುರಿಗಿದ್ದರೆ ಪಿಸಿಎಲ್‌:ವೈವಿ ಕೊಳ್ಳಲು ಅರ್ಹ. ವಿದೇಶಿ ಹಣದ ಲೆಕ್ಕದಲ್ಲಿ ಬೆಲೆ ತೆತ್ತು, ಅಂಕದ ಹಾಳೆ ಮುಗಿದಾಗಲೆಲ್ಲ ಮತ್ತೆ ತರಿಸಬೇಕಾದ ಅದು ಜಿಲ್ಲಾ ಮಟ್ಟದ ಒಬ್ಬಂಟಿ ಆಪ್ತಸಮಾಲೋಚಕರಿಗೆ ಬೇಡ. ಅಪಾಯದ ಅಂದಾಜೇ ಬೇಕಿದ್ದರೆ 24 ಅಪಾಯದ ಅಂಶಗಳ ಜೊತೆಗೆ ಆರು ರಕ್ಷಕ ಅಂಶಗಳನ್ನೂ ನೋಡುವ ‘ಸೇವ್ರಿ’ ಎಂಬ ಸಾಧನ ಹೆಚ್ಚು ಸಮತೂಕದ್ದು. ಜೊತೆಗೆ ನಿಲ್ಲುವ ಅಜ್ಜಿಯೋ, ಕೆಲಸ ಕೊಡಲು ಒಪ್ಪಿದ ತಾಂಡೇಲರೋ, ಕಬಡ್ಡಿ ತಂಡವೋ ಅಲ್ಲಿ ಲೆಕ್ಕಕ್ಕೆ ಬರುತ್ತವೆ. ಉಳಿದಂತೆ ಫ್ರಿಕ್ ಅವರ 24 ಹೇಳಿಕೆಗಳು, ರೇನ್ ಅವರ 23 ಹೇಳಿಕೆಗಳು, ಆಘಾತದ ಒಂದು ಪ್ರಶ್ನಾವಳಿ, ಇವುಗಳನ್ನು ಹುಡುಗ ವೀಕ್ಷಣಾಲಯಕ್ಕೆ ಹೊಂದಿಕೊಂಡ ಮೇಲೆ ಅವನ ಮನೆಮಾತು ಬಲ್ಲವರ ನೆರವಿನಿಂದ ಓದಿ ಹೇಳಿ ತುಂಬಿಸಿದರೆ ಚಿಕಿತ್ಸೆಯ ಯೋಜನೆ ಬರೆಯಲು ಸಾಕಾಗುತ್ತದೆ. ತುಂಬಿದ ಹಾಳೆಗಳು ಸಮಾಲೋಚಕರ ಬೀಗದ ಕಪಾಟಿನಲ್ಲೇ ಇರಲಿ, ಮಂಡಳಿಗೆ ಹೋಗುವ ವರದಿಯಲ್ಲಿ ಅಂಕಗಳ ಬದಲು ಹುಡುಗನಿಗೆ ಬೇಕಾದ ನೆರವಿನ ವಿವರ ಮಾತ್ರ ಇರಲಿ, ಮತ್ತು ಮತ್ತೆ ಶಾಲೆಗೆ ಸೇರಿಸುವಾಗ ಮುಖ್ಯೋಪಾಧ್ಯಾಯರು ಕೇಳಿದರೂ ಇವುಗಳ ಜೆರಾಕ್ಸ್ ಪ್ರತಿ ಕೊಡಬಾರದು.